ಕಾರು ಸಾಗಿಸಲು ಯಾವ ಕಂಪನಿಗೆ ಕೊಡಬೇಕು?

ಕಾರನ್ನು ದೂರದ ಊರಿಗೆ ಕಳಿಸಬೇಕಾದಾಗ ಎಲ್ಲರೂ ಮೊದಲು ಕೇಳುವುದು "ಎಷ್ಟಾಗುತ್ತೆ?" ಅಂತ. ನಾನು ಮೊದಲು ಕೇಳುವುದು "ನನ್ನ ಕಾರು ಹತ್ತುವ ಲಾರಿ ನಿಮ್ಮದೇನಾ?" ಅಂತ.

ಸ್ವಂತ ಲಾರಿ, ಸ್ವಂತ ಡ್ರೈವರ್ ಇಟ್ಟುಕೊಂಡ ಕಂಪನಿಗಳಿವೆ. ಬುಕಿಂಗ್ ಮಾತ್ರ ತೆಗೆದುಕೊಂಡು ಲಾರಿಯನ್ನು ಬೇರೆಯವರಿಂದ ಹೊಂದಿಸುವ ಬ್ರೋಕರ್‌ಗಳೂ ಇದ್ದಾರೆ. ಬ್ರೋಕರ್ ಅಂದ ಮಾತ್ರಕ್ಕೆ ಮೋಸ ಅಂತಲ್ಲ. ಹತ್ತಾರು ಲಾರಿಯವರ ಪರಿಚಯ ಇರುವುದರಿಂದ ಗಾಡಿ ಬೇಗ ಸಿಗಬಹುದು. ಆದರೆ ಗೀರು ಬಿದ್ದರೆ ಯಾರನ್ನು ಕೇಳಬೇಕು ಅನ್ನುವುದು ಮುಂಚೆಯೇ ಗೊತ್ತಿರಬೇಕು, ಅಲ್ವಾ? ಲಾರಿ ಮಾಲೀಕರ ಹೆಸರು, ಪರವಾನಗಿ, ಇನ್ಶೂರೆನ್ಸ್ ವಿವರವನ್ನು ಲೋಡಿಂಗ್‌ಗೆ ಮುಂಚೆ ಬರಹದಲ್ಲಿ ಕೊಡುತ್ತೀರಾ ಅಂತ ಕೇಳಿ. "ಅದೆಲ್ಲ ಆಮೇಲೆ ನೋಡೋಣ, ಮೊದಲು ಅಡ್ವಾನ್ಸ್ ಹಾಕಿ" ಅಂದರೆ ಅಂಥವರ ಸಹವಾಸವೇ ಬೇಡ.

ಮೂರ್ನಾಲ್ಕು ಕಡೆ ರೇಟು ಕೇಳಿ. ಎಲ್ಲರಿಗಿಂತ ತೀರಾ ಕಡಿಮೆ ಹೇಳಿದವರ ಬಗ್ಗೆ ಹುಷಾರಾಗಿರಿ. ಲಾರಿಯಲ್ಲಿರುವುದು ಕೆಲವೇ ಕಾರುಗಳಿಗೆ ಜಾಗ. ಜಾಸ್ತಿ ಬಾಡಿಗೆ ಬರುವ ಕಾರುಗಳು ಮೊದಲು ಹತ್ತುತ್ತವೆ, ಕಡಿಮೆ ರೇಟಿನ ಕಾರು ಯಾರ್ಡಿನಲ್ಲೇ ಉಳಿಯುತ್ತದೆ. ಆಮೇಲೆ ಫೋನ್ ಬರುತ್ತದೆ: "ಲೋಡ್ ಸಿಕ್ತಿಲ್ಲ, ಇನ್ನೊಂದಿಷ್ಟು ಸೇರಿಸಿದ್ರೆ ನಾಳೆನೇ ಹೊರಡುತ್ತೆ." ಈ ಮಾತು ನನಗೂ ಬಂದಿದೆ. ರೇಟಿನಲ್ಲಿ ಏನೇನು ಸೇರಿದೆ, ಮನೆ ಬಾಗಿಲಿಗೆ ಬರುತ್ತಾರಾ ಇಲ್ಲ ಯಾರ್ಡಿಗೆ ನಾವೇ ಹೋಗಬೇಕಾ, ತಡವಾದರೆ ಏನು ಅನ್ನುವುದೆಲ್ಲ ಕೊಟೇಶನ್ನಿನಲ್ಲೇ ಇರಲಿ.

"ಎಲ್ಲಕ್ಕೂ ಇನ್ಶೂರೆನ್ಸ್ ಇದೆ" ಅಂತ ಬಾಯಲ್ಲಿ ಹೇಳಿದರೆ ಸಾಲದು, ಪಾಲಿಸಿಯ ಪ್ರತಿ ಕಳಿಸಲಿ. ಅವಧಿ ಮುಗಿದಿದೆಯಾ ನೋಡಿ. ಮೊತ್ತ ಇಡೀ ಲಾರಿಗಾ, ಒಂದೊಂದು ಕಾರಿಗಾ? ಹತ್ತಿಸುವಾಗ, ಇಳಿಸುವಾಗ ಆದ ಪೆಟ್ಟೂ ಸೇರಿದೆಯಾ? ರ‍್ಯಾಂಪಿನ ಮೇಲೆ ಬಂಪರ್ ತಗಲುವುದು ಸಾಮಾನ್ಯ, ಅದರಲ್ಲೂ ನೆಲಕ್ಕೆ ಹತ್ತಿರ ಇರುವ ಕಾರುಗಳಿಗೆ. ನಿಮ್ಮ ಕಾರಿನ ಸ್ವಂತ ಪಾಲಿಸಿ ಈ ಪ್ರಯಾಣಕ್ಕೆ ಅನ್ವಯಿಸುತ್ತದೆಯಾ ಅಂತಲೂ ವಿಚಾರಿಸಿ. ಡಿಕ್ಕಿಯಲ್ಲಿ ಸಾಮಾನು ತುಂಬಬೇಡಿ, ಅದಕ್ಕೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ.

ಹಡಗಿನಲ್ಲಿ ಕಳಿಸುವವರು ಇನ್ಶೂರೆನ್ಸ್ ಬಿಡಲೇಬಾರದು. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಎವರ್ ಗಿವನ್ ಹಡಗು ಸಿಕ್ಕಿಹಾಕಿಕೊಂಡಿತಲ್ಲ, ಆಗ ಅದನ್ನು ಬಿಡಿಸಿದ ಖರ್ಚಿನಲ್ಲಿ ಸರಕಿನ ಮಾಲೀಕರೂ ಪಾಲು ಕೊಡಬೇಕೆಂದು ಹಡಗಿನ ಮಾಲೀಕರು ಘೋಷಿಸಿದರು. ಸಮುದ್ರ ಸಾಗಣೆಯ ಹಳೆಯ ನಿಯಮವದು. ನಿಮ್ಮ ಕಾರಿಗೆ ಒಂದು ಗೀರೂ ಬೀಳದಿದ್ದರೂ ಬಿಲ್ ಬರಬಹುದು.

ತೆರೆದ ಲಾರಿಯೋ ಮುಚ್ಚಿದ್ದೋ? ದಿನಬಳಕೆಯ ಕಾರಿಗೆ ತೆರೆದದ್ದು ಸಾಕು. ಹೊಸ ಪೇಂಟು, ದುಬಾರಿ ಕಾರು ಅಂದರೆ ಮುಚ್ಚಿದ್ದಕ್ಕೆ ಜಾಸ್ತಿ ಕೊಡಿ.

ಇಬ್ಬರು ಮೂವರು ಉಳಿದಾಗ ನಾನು ಒಂದು ಕೆಲಸ ಮಾಡುತ್ತೇನೆ. "ಕಾರು ತೆಗೆದುಕೊಳ್ಳುವಾಗ ತುಂಬುವ ಕಂಡೀಷನ್ ರಿಪೋರ್ಟಿನ ಖಾಲಿ ಫಾರಂ ಕಳಿಸಿ" ಅಂತ ಕೇಳುತ್ತೇನೆ. ಒಳ್ಳೆಯ ಕಂಪನಿಯ ಫಾರಂನಲ್ಲಿ ಕಾರಿನ ನಾಲ್ಕೂ ಬದಿಯ ಚಿತ್ರ, ಗೀರು ನೆಗ್ಗು ಗುರುತಿಸುವ ಜಾಗ, ಕಿಲೋಮೀಟರ್ ರೀಡಿಂಗ್, ಇಂಧನ, ಕೀಲಿ, ಸ್ಟೆಪ್ನಿ, ಎರಡೂ ಕಡೆಯವರ ಸಹಿ ಎಲ್ಲ ಇರುತ್ತದೆ. ಸುಮ್ನೆ "ಸಣ್ಣಪುಟ್ಟ ಗೀರುಗಳಿವೆ" ಅಂತ ಒಂದೇ ಸಾಲು ಅಚ್ಚಾಗಿದ್ದರೆ ಆ ಕಂಪನಿ ಬೇಡ. ಆ ಸಾಲಿನ ಕೆಳಗೆ ಸಹಿ ಹಾಕಿದರೆ ಮುಂದೆ ಆಗುವ ಗೀರೆಲ್ಲ ಹಳೆಯದೇ ಅನ್ನಿಸಿಕೊಳ್ಳುತ್ತದೆ. ಬೆಲ್ಟ್ ಎಲ್ಲಿಗೆ ಕಟ್ಟುತ್ತೀರಿ ಅಂತಲೂ ಕೇಳಿ. "ಟೈರಿಗೆ" ಅಂದರೆ ನನಗೆ ಸಮಾಧಾನ. ಹಾಗೆ ಕಟ್ಟಿದರೆ ಸಸ್ಪೆನ್ಷನ್ ಮೇಲೆ ಎಳೆತ ಬೀಳುವುದಿಲ್ಲ.

ಕೊಡುವ ಮುಂಚೆ ಕಾರು ತೊಳೆಸಿ, ಬೆಳಕಿನಲ್ಲಿ ಸುತ್ತಲೂ ಫೋಟೊ ತೆಗೆಯಿರಿ. ಓಡೋಮೀಟರಿನದ್ದೂ ಇರಲಿ, ಲಾರಿ ಬದಲು ಕಾರನ್ನೇ ಓಡಿಸಿಕೊಂಡು ಹೋದರೆ ಅದು ಹೇಳುತ್ತದೆ. ಟ್ಯಾಂಕಿನಲ್ಲಿ ಕಾಲು ಭಾಗ ಇಂಧನ ಸಾಕು.

ಕಾರು ತಲುಪಿದಾಗ ಡ್ರೈವರಿಗೆ ಅವಸರ ಇರುತ್ತದೆ. ಇರಲಿ. ಟಾರ್ಚನ್ನು ಬಾಗಿಲಿಗೆ ಓರೆಯಾಗಿ ಹಿಡಿದರೆ ನೇರ ಬೆಳಕಿನಲ್ಲಿ ಕಾಣದ ನೆಗ್ಗೂ ಕಾಣುತ್ತದೆ. ಬಂಪರಿನ ಅಡಿ, ರೂಫು, ಚಕ್ರದ ರಿಮ್ಮು ನೋಡಿ. ಹೊಸ ಗೀರು ಕಂಡರೆ ರಿಪೋರ್ಟಿನಲ್ಲಿ ಬರೆದು, ಡ್ರೈವರ್ ಸಹಿ ತೆಗೆದುಕೊಂಡು, ಆಮೇಲೆ ನಿಮ್ಮ ಸಹಿ ಹಾಕಿ. ಕತ್ತಲಾಗಿದ್ದರೆ "ಕತ್ತಲಲ್ಲಿ ಪಡೆದಿದ್ದೇನೆ, ಪೂರ್ತಿ ನೋಡಲು ಆಗಿಲ್ಲ" ಅಂತ ಬರೆದು ಆ ಹಾಳೆಯ ಫೋಟೊ ಇಟ್ಟುಕೊಳ್ಳಿ. ಬೆಳಗ್ಗೆ ಏನಾದರೂ ಕಂಡರೆ ತಡ ಮಾಡದೆ ಕಂಪನಿಗೆ ಬರಹದಲ್ಲೇ ತಿಳಿಸಿ.