ಮೊದಲು ಬರೀ ಗುಂಡು, ಆಮೇಲೆ ಗಾಳ

ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು, ಸ್ಕೂಟರಿನ ಮುಂದೆ ಬಕೆಟ್ ಇಟ್ಟುಕೊಂಡು ಮಲ್ಪೆ, ಹೂಡೆ ದಾಟಿ ಕೋಡಿ ಬೆಂಗ್ರೆಗೆ ಮೀನಿಗೆ ಗಾಳ ಹಾಕಲು ಹೋಗುವುದು ನನಗೆ ಹನ್ನೊಂದು ವರ್ಷದಿಂದ ಅಭ್ಯಾಸ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಒಂದೇ ರಸ್ತೆ. ರಸ್ತೆ ಮುಗಿಯುವಲ್ಲಿ ಸ್ವರ್ಣಾ, ಸೀತಾ ಎರಡೂ ಸೇರಿ ಸಮುದ್ರಕ್ಕೆ ಬೀಳುವ ಅಳಿವೆ. ಅಲ್ಲಿ ಮರಳು. ನಮ್ಮ ಕಾಪುವಿನಲ್ಲಿ ದೀಪಸ್ತಂಭದ ಸುತ್ತ ಬಂಡೆ. ಈ ಎರಡು ಜಾಗದಲ್ಲಿ ನಾನು ಮೊದಲ ಎರಡು ವರ್ಷ ಒಂದೇ ರಿಗ್, ಅಂದರೆ ದಾರಕ್ಕೆ ಗುಂಡು, ಗಾಳ ಜೋಡಿಸುವ ಒಂದೇ ಬಗೆ, ಹಾಕುತ್ತಿದ್ದೆ. ಎಲ್ಲ ತೊಂದರೆಗೂ ಅದೇ ಮೂಲ ಅಂತ ಆಗ ಗೊತ್ತಿರಲಿಲ್ಲ.

ಆ ರಿಗ್ ಅಂದರೆ ಓಡುವ ಗುಂಡಿನದ್ದು. ಸೀಸದ ಗುಂಡಿನ ತೂತಿನೊಳಗೆ ತಂಗೂಸಿ (ಗಾಳದ ನೈಲಾನ್ ದಾರ) ತೂರಿಸಿ, ಕೆಳಗೆ ಒಂದು ಮಣಿ, ಒಂದು ಸ್ವಿವೆಲ್ (ತಿರುಗುವ ಕೊಂಡಿ), ಅದರಿಂದ ಮುಂದೆ ಲೀಡರ್ ಅನ್ನುವ ಬೇರೆ ದಾರದ ತುಂಡು, ಕೊನೆಗೆ ಗಾಳ. ಕಾಪುವಿನಲ್ಲಿ ಒಂದು ಬೆಳಿಗ್ಗೆ ಇದರಲ್ಲೇ ನಾಲ್ಕು ಗುಂಡು, ನಾಲ್ಕು ಗಾಳ ಬಂಡೆಗೆ ಹೋದವು. ಐದನೆಯದನ್ನು ಕಟ್ಟುತ್ತಿರುವಾಗ, ಪಕ್ಕದಲ್ಲಿ ಕೈಯಲ್ಲೇ ತಂಗೂಸಿ ಬಿಟ್ಟು ಕೂತಿದ್ದ ಅಜ್ಜ ಒಬ್ಬರು ಕೇಳಿದರು: "ಕೆಳಗೆ ಎಂತ ಉಂಟು ಅಂತ ನೋಡಿದ್ದೀಯಾ?"

"ನೀರು ಕದಡಿದೆ ಅಜ್ಜ, ಕಾಣುವುದಿಲ್ಲ."

"ಕಣ್ಣಲ್ಲಿ ಅಲ್ಲ ಮಾರಾಯ, ಬೆರಳಲ್ಲಿ."

ಅವರು ಗಾಳ ಇಲ್ಲದೆ ಬರೀ ಗುಂಡು ಎಸೆದು, ನಿಧಾನಕ್ಕೆ ಎಳೆದು ತೋರಿಸಿದರು. ಅವತ್ತಿನಿಂದ ನಾನು ಹೊಸ ಜಾಗಕ್ಕೆ ಹೋದರೆ ಮೊದಲ ಹತ್ತು ನಿಮಿಷ ಗಾಳ ಕಟ್ಟುವುದೇ ಇಲ್ಲ. ತಂಗೂಸಿಯನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಗುಂಡನ್ನು ಎಳೆಯುತ್ತೇನೆ. ಮರಳಾದರೆ ಸಕ್ಕರೆ ಮೇಲೆ ಚಮಚ ಎಳೆದ ಹಾಗೆ ಸಣ್ಣ ಸರಸರ. ಕೆಸರಾದರೆ ಮೊದಲು ಅಂಟಿಕೊಂಡು ಭಾರವಾಗುತ್ತದೆ, ಆಮೇಲೆ ಮೆತ್ತಗೆ ಬಿಡುತ್ತದೆ. ಬಂಡೆಯಾದರೆ ಟಕ್, ಟಕ್, ನಡುವೆ ಒಮ್ಮೆ ಸಡಿಲ. ಎರಡು ಬಂಡೆಯ ಮಧ್ಯದ ಸಂದು ಆ ಸಡಿಲದಲ್ಲೇ ಗೊತ್ತಾಗುತ್ತದೆ. ಯಾವ ಮೀನು ಬೇಕು ಅನ್ನುವುದಕ್ಕಿಂತ ಮೊದಲು ಕೆಳಗೆ ಯಾವ ನೆಲ ಇದೆ ಅನ್ನುವುದೇ ರಿಗ್ಗನ್ನು ನಿರ್ಧರಿಸಬೇಕು. ನನ್ನ ಅನುಭವದಲ್ಲಿ ಇದೊಂದು ತಿಳಿದರೆ ಅರ್ಧ ಕೆಲಸ ಆದ ಹಾಗೆ.

ಕೋಡಿ ಬೆಂಗ್ರೆಯ ಮರಳಿಗೆ ಓಡುವ ಗುಂಡೇ ಸರಿ. ಅಲ್ಲಿ ನಾನು ಹುಡುಕುವುದು ಕಾಣೆ ಮೀನು. ಕಾಣೆಯ ಬಾಯಿ ತುಂಬಾ ಸಣ್ಣದು, ಅನುಮಾನ ಮಾತ್ರ ದೊಡ್ಡದು. ಆಹಾರವನ್ನು ಬಾಯಿಗೆ ಎಳೆದುಕೊಂಡಾಗ ಹಿಂದೆ ಭಾರ ಸಿಕ್ಕಿದರೆ ಅಲ್ಲೇ ಉಗುಳಿ ಹೋಗುತ್ತದೆ. ಗುಂಡು ತಂಗೂಸಿಯ ಮೇಲೆ ಜಾರುವುದರಿಂದ ಅದಕ್ಕೆ ಭಾರ ತಿಳಿಯುವುದಿಲ್ಲ. 8ನೇ ನಂಬರಿನ ಗಾಳ, 0.25 ಮಿಲಿಮೀಟರ್ ಲೀಡರ್, ಉದ್ದ ಸುಮಾರು ಎರಡು ಅಡಿ. ಎಟ್ಟಿಯ (ಸಿಗಡಿಯ) ಸಿಪ್ಪೆ ಸುಲಿದು, ಹೆಬ್ಬೆರಳ ಉಗುರಿನ ಅರ್ಧದಷ್ಟು ತುಂಡು. ಅದಕ್ಕಿಂತ ದೊಡ್ಡದು ಹಾಕಿದರೆ ಕಾಣೆ ಸುಮ್ನೆ ತುದಿ ಕಚ್ಚಿ ಕಚ್ಚಿ ಖಾಲಿ ಮಾಡುತ್ತದೆ. ಗಾಳಕ್ಕೆ ಬಾಯಿ ಕೊಡುವುದೇ ಇಲ್ಲ.

ಗುಂಡಿನ ಆಕಾರದ ಬಗ್ಗೆಯೂ ಒಂದು ಮಾತು. ನೀರು ಇಳಿಯುವಾಗ ಅಳಿವೆಯಲ್ಲಿ ಎಳೆತ ಜೋರು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇನ್ನೂ ಜೋರು. ಉರುಟು ಗುಂಡು ಉರುಳುತ್ತಾ ಹೋಗಿ ದಡಕ್ಕೇ ಬಂದು ನಿಲ್ಲುತ್ತದೆ. ಆಗ ಮೂಲೆ ಇರುವ, ಗೋಪುರದಂಥ ಗುಂಡು ಬೇಕು. ಅದು ಮರಳಿಗೆ ಕಚ್ಚಿಕೊಳ್ಳುತ್ತದೆ. ನೀರು ಏರಿ ನಿಂತ ಹೊತ್ತಿನಲ್ಲಿ ಮಾತ್ರ ನಾನು ಬೇಕೆಂದೇ ಉರುಟು ಗುಂಡಿಗೆ ಬದಲಾಯಿಸುತ್ತೇನೆ. ನಿಧಾನಕ್ಕೆ ಉರುಳಿದರೆ ತುಂಬಾ ಜಾಗ ಸುತ್ತಿ ಬರುತ್ತದೆ ಅಲ್ವಾ.

ಇಷ್ಟಾದರೂ ಕೆಲವು ದಿನ ಓಡುವ ಗುಂಡು ಕೈ ಕೊಡುತ್ತದೆ. ಹೋದ ಡಿಸೆಂಬರಿನಲ್ಲಿ ಒಂದು ಗಂಟೆ ಎಸೆದೆ. ಕಚ್ಚಿದ ಸುಳಿವೇ ಇಲ್ಲ, ಪ್ರತಿ ಸಲ ಗಾಳ ಖಾಲಿ. ಒಮ್ಮೆ ಮೂರೇ ನಿಮಿಷಕ್ಕೆ ತೆಗೆದು ಬೆಳಕಿಗೆ ಹಿಡಿದೆ. ಗಾಳದ ಬುಡದಲ್ಲಿ ಎಟ್ಟಿಯ ಒಂದು ಎಳೆ ಉಳಿದಿತ್ತು, ಕತ್ತರಿಯಲ್ಲಿ ಚೂರು ಚೂರು ಕತ್ತರಿಸಿದ ಹಾಗೆ. ಲೀಡರಿನ ಮೇಲೂ ಅಲ್ಲಲ್ಲಿ ಬಿಳಿ ಗೀರು. ಅದು ಮೀನಿನ ಕೆಲಸ ಅಲ್ಲ, ಡೆಂಜಿಯದ್ದು, ಅಂದರೆ ಏಡಿಯದ್ದು. ನೆಲದ ಮೇಲೆ ಮಲಗಿದ ಎಟ್ಟಿಯನ್ನು ಸಣ್ಣ ಡೆಂಜಿಗಳು ಹಂಚಿಕೊಂಡು ತಿನ್ನುತ್ತಿದ್ದವು.

ಆಗ ಬೇಕಾಗುವುದು ಇನ್ನೊಂದು ರಿಗ್. ಇದರಲ್ಲಿ ಗುಂಡು ತಂಗೂಸಿಯ ತುದಿಗೆ. ಗಾಳಗಳು ಅದಕ್ಕಿಂತ ಮೇಲೆ, ಪಕ್ಕಕ್ಕೆ ಚಾಚಿದ ಕುಣಿಕೆಗಳಲ್ಲಿ. ಕೆಳಗಿನ ಗಾಳವನ್ನು ಗುಂಡಿನಿಂದ ಒಂದು ಗೇಣು ಮೇಲೆ, ಎರಡನೆಯದನ್ನು ಅದಕ್ಕಿಂತ ಒಂದೂವರೆ ಗೇಣು ಮೇಲೆ ಕಟ್ಟುತ್ತೇನೆ. ಕುಣಿಕೆಯ ಉದ್ದ ನಾಲ್ಕು ಬೆರಳು ಸಾಕು, ಉದ್ದವಾದರೆ ಮುಖ್ಯ ತಂಗೂಸಿಗೆ ಸುತ್ತಿಕೊಳ್ಳುತ್ತದೆ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಲೇಬೇಕು. ಒಣಗಿದ ನೈಲಾನ್ ಉಜ್ಜಿ ಬಿಸಿಯಾದರೆ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಮೀನು ಎಳೆದಾಗ ತುಂಡಾಗುವುದು ಅದೇ ಜಾಗದಲ್ಲಿ. ಎಸೆದ ಮೇಲೆ ತಂಗೂಸಿ ಬಿಗಿಯಾಗಿ ಇಟ್ಟರೆ ಎಟ್ಟಿ ನೆಲ ಬಿಟ್ಟು ನೇತಾಡುತ್ತದೆ. ಸಡಿಲ ಬಿಟ್ಟರೆ ಮತ್ತೆ ಡೆಂಜಿಗೇ ಊಟ. ಅವತ್ತು ಹೀಗೆ ಬದಲಾಯಿಸಿದ ಮೇಲೆ ಆರು ಕಾಣೆ, ಒಂದು ಸಣ್ಣ ಕೊಡ್ಡಾಯಿ ಸಿಕ್ಕಿತು. ಈ ರಿಗ್ಗಿನಲ್ಲಿ ಮೀನಿಗೆ ಗುಂಡಿನ ಭಾರ ಬೇಗ ತಾಗುತ್ತದೆ, ಅದು ನಿಜ. ಆದರೆ ಗಾಳದಲ್ಲಿ ಎಟ್ಟಿಯೇ ಇಲ್ಲದಿದ್ದರೆ ಯಾವ ಮೀನು ಬಂದು ಏನು?

ಕಾಪುವಿನ ಬಂಡೆಗೂ ನಾನು ಇದನ್ನೇ ಒಯ್ಯುತ್ತೇನೆ, ಒಂದು ಬದಲಾವಣೆ ಮಾಡಿ. ಗುಂಡನ್ನು ನೇರ ಕಟ್ಟುವುದಿಲ್ಲ. ಮುಖ್ಯ ತಂಗೂಸಿ 10 ಕೆ.ಜಿ. ತಡೆಯುವುದಾದರೆ, ಗುಂಡಿಗೆ 4 ಕೆ.ಜಿ.ಯ ತೆಳು ತುಂಡು. ಸಂದಿನಲ್ಲಿ ಸಿಕ್ಕಿದಾಗ ಆ ತುಂಡು ಮಾತ್ರ ಹರಿಯುತ್ತದೆ. ಗಾಳ, ಮೀನು ಎರಡೂ ಕೈಗೆ ಬರುತ್ತವೆ. ಸೀಸಕ್ಕೆ ಬದಲು ತುಕ್ಕು ಹಿಡಿದ ನಟ್ಟು ಕಟ್ಟಿದರೂ ನಡೆಯುತ್ತದೆ. ಸಮುದ್ರಕ್ಕೆ ಸೀಸ ಬಿಟ್ಟು ಬರುವುದು ನನಗೆ ಇಷ್ಟ ಇಲ್ಲ. ಆದರೆ ನೆನಪಿಡಿ, ಈ ರಿಗ್ಗನ್ನು ಜೋರಾಗಿ ಬೀಸಿ ಎಸೆಯಬಾರದು. ತೆಳು ತುಂಡು ಗಾಳಿಯಲ್ಲೇ ಹರಿದರೆ ಗುಂಡು ಕಲ್ಲಿನ ಹಾಗೆ ಹಾರುತ್ತದೆ. ಹಿಂದೆ ಮುಂದೆ ಯಾರಾದರೂ ಇದ್ದರೆ ದೊಡ್ಡ ಅಪಾಯ. ಬಂಡೆಯ ಬುಡಕ್ಕೆ ಮೆಲ್ಲ ಬಿಟ್ಟರೆ ಸಾಕು, ಮುರು ಮೀನು ಇರುವುದೂ ಅಲ್ಲೇ.

ಕೆಂಬೇರಿ ಮೀನಿಗೆ ಮಾತ್ರ ನಾನು ಗುಂಡನ್ನೇ ನಂಬುವುದಿಲ್ಲ, ಬೆಂಡು ಕಟ್ಟುತ್ತೇನೆ. ಹೊಳೆಬದಿಯ ಕಲ್ಲು, ಕಾಂಡ್ಲಾ ಗಿಡದ ಬೇರು, ಸೇತುವೆಯ ಕಂಬ ಇವು ಅದರ ಮನೆ. ಜೀವ ಇರುವ ಎಟ್ಟಿಯನ್ನು 2/0 ನಂಬರಿನ ದೊಡ್ಡ ಗಾಳಕ್ಕೆ ಹಾಕುವಾಗ ತಲೆಯ ಕೊಂಬಿನ ಬುಡದಲ್ಲಿ, ಒಳಗೆ ಕಾಣುವ ಕಪ್ಪು ಕಲೆಯನ್ನು ತಪ್ಪಿಸಿ ಚುಚ್ಚಬೇಕು. ಕಪ್ಪು ಕಲೆಗೆ ತಾಗಿದರೆ ಅದು ಕ್ಷಣದಲ್ಲಿ ಸಾಯುತ್ತದೆ. ಸರಿಯಾಗಿ ಹಾಕಿದರೆ ತುಂಬಾ ಹೊತ್ತು ಕಾಲಾಡಿಸುತ್ತಾ ಈಜುತ್ತದೆ. ಬೆಂಡು ಮುಳುಗಿದ ತಕ್ಷಣ ಎಳೆಯಿರಿ. ಕೆಂಬೇರಿ ಕಚ್ಚಿದ ಮೇಲೆ ನೇರ ಸಂದಿಗೇ ಓಡುತ್ತದೆ, ಒಳಗೆ ಹೋದರೆ ಮತ್ತೆ ಬರುವುದಿಲ್ಲ.

ಜೂನ್, ಜುಲೈಯಲ್ಲಿ ನಾನು ಬಂಡೆಯ ಕಡೆ ಕಾಲೇ ಇಡುವುದಿಲ್ಲ. ದೊಡ್ಡ ಬೋಟುಗಳಿಗೂ ಆಗ ರಜೆ. ಹೊಳೆಯ ಬದಿಯಲ್ಲಿ ಕೂತರೆ ಕೆಂಪು ನೀರಿನಲ್ಲಿ ತೇಡೆ ಮೀನು ಸಿಗುತ್ತದೆ. ಅದಕ್ಕೆ ಓಡುವ ಗುಂಡು, ದಪ್ಪ ಲೀಡರ್ ಸಾಕು. ಬೆನ್ನು ಮತ್ತು ಎರಡು ಪಕ್ಕದ ಮುಳ್ಳಿನಲ್ಲಿ ವಿಷ ಇದೆ, ದಪ್ಪ ಬಟ್ಟೆ ಇಲ್ಲದೆ ಹಿಡಿಯಬೇಡಿ.

ಈಗ ಶನಿವಾರ ರಾತ್ರಿ ಊಟ ಆದ ಮೇಲೆ ಮೂರೂ ಬಗೆಯ ರಿಗ್ಗನ್ನು ಮನೆಯಲ್ಲೇ ಕಟ್ಟಿ, ಹಳೆ ಹವಾಯಿ ಚಪ್ಪಲಿ ಕತ್ತರಿಸಿದ ತುಂಡುಗಳಿಗೆ ಸುತ್ತಿ, ಗಾಳದ ಮೊನೆಯನ್ನು ರಬ್ಬರಿಗೆ ಚುಚ್ಚಿ ಇಡುತ್ತೇನೆ. ಮಗಳು ಪ್ರತಿ ತುಂಡಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾಳೆ: ಮ, ಬ, ಹೊ. ಬೆಳಿಗ್ಗೆ ಕತ್ತಲಲ್ಲಿ ಟಾರ್ಚ್ ಹಿಡಿದು ಗುಂಡು ಎಳೆದು ನೋಡುತ್ತೇನೆ. ಸರಸರ ಅಂದರೆ 'ಮ' ತುಂಡನ್ನು ಬಿಚ್ಚುತ್ತೇನೆ.