ಹಳೇ ಎಲೆಕ್ಟ್ರಿಕ್ ಗಿಟಾರ್‌ಗೆ ಹೊಸ ದನಿ: ದುಡ್ಡು ಬಿಚ್ಚುವ ಮೊದಲು ಸ್ಕ್ರೂ ಬಿಚ್ಚಿ

ಗಣೇಶನ ಹಬ್ಬಕ್ಕೆ ಇನ್ನೂ ಒಂದು ತಿಂಗಳಿದೆ ಅನ್ನುವಾಗಲೇ ದಾವಣಗೆರೆಯ ಆರ್ಕೆಸ್ಟ್ರಾ ಹುಡುಗರಿಂದ ನನಗೆ ಫೋನ್ ಶುರುವಾಗುತ್ತದೆ. ಪ್ರಶ್ನೆ ಒಂದೇ. "ಅಣ್ಣಾ, ಪಿಕಪ್ ಚೇಂಜ್ ಮಾಡಿದ್ರೆ ಸೌಂಡ್ ಚೆನ್ನಾಗಿ ಬರ್ತೈತಾ?" ನಾನೂ ಪ್ರತಿ ಸಲ ಒಂದೇ ಮಾತು ಕೇಳುತ್ತೇನೆ. "ತಂತಿ ಯಾವಾಗ ಹಾಕಿದ್ದೆ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೋದ್ ಹಬ್ಬಕ್ಕೆ."

ತುಕ್ಕು ಹಿಡಿದ ತಂತಿಯ ಕೆಳಗೆ ಎಂಥಾ ಪಿಕಪ್ (ತಂತಿಯ ಅಲುಗಾಟವನ್ನು ಕರೆಂಟಿನ ಸಿಗ್ನಲ್ ಮಾಡುವ, ಅಯಸ್ಕಾಂತವಿರುವ ಸುರುಳಿ) ಕೂರಿಸಿದರೂ ಅದು ತುಕ್ಕಿನ ದನಿಯನ್ನೇ ಕೇಳಿಸುತ್ತದೆ. ಹಾಗಾಗಿ ಅಂಗಡಿಗೆ ಆಮೇಲೆ ಹೋಗೋಣ. ಮೊದಲು ಮನೆಯಲ್ಲಿರುವ ಗಿಟಾರ್ ಎತ್ತಿಕೊಳ್ಳಿ. ಬೇಕಾಗುವ ಸಾಮಾನು ಇಷ್ಟು: ಸ್ಟಾರ್ ಸ್ಕ್ರೂಡ್ರೈವರ್, ಅಲೆನ್ ಕೀ ಸೆಟ್, ಸ್ಟೀಲ್ ಸ್ಕೇಲ್, ಫೋನಿನಲ್ಲಿ ಒಂದು ಟ್ಯೂನರ್ ಆ್ಯಪ್. ಜೊತೆಗೆ ಒಂದು ಫೀಲರ್ ಗೇಜ್. ಅದಕ್ಕೆ ಆನ್‌ಲೈನ್ ಆರ್ಡರ್ ಮಾಡಬೇಕಿಲ್ಲ. ಬೈಕ್ ಗ್ಯಾರೇಜಿನವರು ಟ್ಯಾಪೆಟ್ ಅಡ್ಜಸ್ಟ್ ಮಾಡಲು ಇಟ್ಟುಕೊಂಡಿರುವ ತಗಡಿನ ಎಸಳುಗಳ ಕಟ್ಟು ಅದೇ. ಒಂದು ದಿನಕ್ಕೆ ಕೇಳಿದರೆ ಕೊಡುತ್ತಾರೆ.

ತಂತಿ ಬದಲಿಸಿ

9-42 ಅಥವಾ 10-46 ಸೆಟ್ ತನ್ನಿ. ಈ ಅಂಕಿಗಳು ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಲೆಕ್ಕದಲ್ಲಿ. 9 ಬೆರಳಿಗೆ ಹಗುರ. 10 ಸ್ವಲ್ಪ ಬಿಗಿ, ದನಿಯೂ ತುಸು ತುಂಬಿಕೊಳ್ಳುತ್ತದೆ. ಮೊದಲು ಯಾವುದಿತ್ತೋ ಅದನ್ನೇ ಹಾಕುವುದು ಒಳ್ಳೆಯದು. ಅಳತೆ ಬದಲಾದರೆ ನೆಕ್, ಅಂದರೆ ಗಿಟಾರಿನ ಉದ್ದ ಕತ್ತಿನ, ಮೇಲಿನ ಎಳೆತ ಬದಲಾಗುತ್ತದೆ, ಆಗ ಎಲ್ಲಾ ಸೆಟ್ಟಿಂಗೂ ಹೊಸದಾಗಿ ಮಾಡಬೇಕು.

ತಂತಿ ಬಿಗಿಮಾಡುವ ಕೀಲಿಗೆ (ಟ್ಯೂನರ್ ಅನ್ನುವುದು ಇದನ್ನೂ) ಎರಡು ಮೂರು ಸುತ್ತು ಸಾಕು. ಹತ್ತು ಸುತ್ತು ಸುತ್ತಿ, ಬೆಲೆ ಜಾಸ್ತಿಯ ಟ್ಯೂನರ್ ಹಾಕಿದರೂ ಶ್ರುತಿ ನಿಲ್ಲುತ್ತಿಲ್ಲ ಅಂತ ಗೊಣಗುವವರನ್ನು ನೋಡಿದ್ದೇನೆ. ಹಾಕಿದ ಮೇಲೆ ತಂತಿಯನ್ನು ಮೆಲ್ಲಗೆ ಮೇಲಕ್ಕೆ ಎಳೆದು, ಮತ್ತೆ ಟ್ಯೂನ್ ಮಾಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಕೂತುಕೊಳ್ಳುತ್ತದೆ.

ನೆಕ್, ಎತ್ತರ, ಇಂಟೋನೇಷನ್

ಮಳೆಗಾಲದಲ್ಲಿ ನಮ್ಮೂರ ಮಂಡಕ್ಕಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಏನಾಗುತ್ತದೆ, ಗೊತ್ತಲ್ವಾ? ಸಂಜೆಯೊಳಗೆ ಮೆತ್ತಗೆ. ಗಿಟಾರಿನ ಮರವೂ ಗಾಳಿಯ ತೇವ ಕುಡಿಯುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಒಣಗಿ ಕುಗ್ಗಿದಾಗ ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳ, ಅಂದರೆ ಫ್ರೆಟ್‌ಗಳ, ತುದಿಗಳು ಅಂಗೈಗೆ ಚುಚ್ಚುತ್ತವೆ. ನೆಕ್ ಬಾಗೂ ಬದಲಾಗುತ್ತದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ನೋಡಿದರೆ ಸಾಕು.

ಗಿಟಾರ್ ಟ್ಯೂನ್ ಮಾಡಿ. ದಪ್ಪ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲೂ ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಎಂಟನೇ ಫ್ರೆಟ್ ಮತ್ತು ತಂತಿಯ ನಡುವೆ ಫೀಲರ್ ಗೇಜಿನ 0.25 ಮಿ.ಮೀ. ಎಸಳು ಹೆಚ್ಚುಕಡಿಮೆ ತಾಗಿಯೂ ತಾಗದ ಹಾಗೆ ಹೋಗಬೇಕು. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ ಬಾಗು ಸರಿಮಾಡಲು ಅದರೊಳಗಿರುವ ಲೋಹದ ಸರಳು) ನಟ್ಟನ್ನು ಬಲಕ್ಕೆ, ಕಡಿಮೆ ಇದ್ದರೆ ಎಡಕ್ಕೆ ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಟ್ಯೂನ್ ಮಾಡಿ, ಮತ್ತೆ ಅಳೆಯಿರಿ. ನಟ್ಟು ಬಿಗಿಯಾಗಿ ತಿರುಗದಿದ್ದರೆ ಬಲ ಹಾಕಬೇಡಿ. ಮುರಿದ ಟ್ರಸ್ ರಾಡ್ ಕಡಿಮೆ ಬೆಲೆಯ ಗಿಟಾರನ್ನು ಗೋಡೆಯ ಅಲಂಕಾರ ಮಾಡಿಬಿಡುತ್ತದೆ.

ಆಮೇಲೆ ತಂತಿಯ ಎತ್ತರ. 17ನೇ ಫ್ರೆಟ್ ಮೇಲೆ ಸ್ಕೇಲ್ ನಿಲ್ಲಿಸಿ ನೋಡಿ. ಫೆಂಡರ್ ನಮೂನೆಯ ಗಿಟಾರಿಗೆ 1.6 ಮಿ.ಮೀ. ಒಳ್ಳೆಯ ಆರಂಭ. ಫ್ರೆಟ್ ಬಡಿದು ಝರ್ ಅಂದರೆ ಸ್ಯಾಡಲ್ (ಬಾಡಿಯ ಮೇಲಿನ ಬ್ರಿಡ್ಜ್‌ನಲ್ಲಿ ಒಂದೊಂದು ತಂತಿ ಕೂರುವ ತುಂಡು) ತುಸು ಎತ್ತಿ.

ಕೊನೆಗೆ ಇಂಟೋನೇಷನ್, ಅಂದರೆ ನೆಕ್ ಉದ್ದಕ್ಕೂ ಎಲ್ಲಿ ಒತ್ತಿದರೂ ಸ್ವರ ಶ್ರುತಿಯಲ್ಲಿರುವುದು. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಸುಮ್ನೆ ಮುಟ್ಟಿ ಮೀಟಿ, ಹಾರ್ಮೋನಿಕ್ ಬರುತ್ತದೆ. ಈಗ ಅಲ್ಲೇ ಒತ್ತಿ ಮೀಟಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಅಂದರೆ ನೆಕ್‌ನಿಂದ ದೂರಕ್ಕೆ ಸರಿಸಿ. ಇಳಿದಿದ್ದರೆ ಮುಂದಕ್ಕೆ. ಆರೂ ತಂತಿಗೆ ಹೀಗೆ ಮಾಡಬೇಕು, ಬೇಜಾರಿನ ಕೆಲಸ.

ದುಡ್ಡಿಲ್ಲದ ಅಪ್‌ಗ್ರೇಡ್

ನನ್ನನ್ನು ಕೇಳಿದರೆ ಇಡೀ ಗಿಟಾರಿನಲ್ಲಿ ಅತಿ ದೊಡ್ಡ ಲಾಭ ಪಿಕಪ್ ಪಕ್ಕದ ಎರಡು ಸ್ಕ್ರೂಗಳಲ್ಲಿದೆ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ.

ಪಿಕಪ್ ತಂತಿಗೆ ಹತ್ತಿರವಾದಷ್ಟೂ ದನಿ ಜೋರು, ಹೊಡೆತ ಗಡುಸು. ದೂರವಾದಷ್ಟೂ ಮೆದು, ಸ್ವರಗಳು ಬಿಡಿಬಿಡಿ. ತುಂಬಾ ಹತ್ತಿರ ತಂದರೆ ಇನ್ನೊಂದು ತೊಂದರೆ. ಒಳಗಿನ ಅಯಸ್ಕಾಂತ ತಂತಿಯನ್ನೇ ಎಳೆಯತೊಡಗುತ್ತದೆ. ದಪ್ಪ ತಂತಿಯ ಮೇಲಿನ ಫ್ರೆಟ್‌ಗಳಲ್ಲಿ ಒಂದೇ ಸ್ವರ ಎರಡು ಸ್ವರ ನುಡಿದ ಹಾಗೆ ಅಲೆಯಾಡುತ್ತದೆ. ಇಂಟೋನೇಷನ್ ಎಷ್ಟು ಸರಿ ಮಾಡಿದರೂ ಕೂರುವುದಿಲ್ಲ. "ನನ್ನ ಗಿಟಾರ್ ಹಾಳು" ಅಂತ ತಂದವರ ಪಿಕಪ್ಪನ್ನು ಎರಡು ಸುತ್ತು ಇಳಿಸಿ ವಾಪಸ್ ಕಳಿಸಿದ್ದುಂಟು.

ಅಳತೆ ಹೀಗೆ: ಕೊನೆಯ ಫ್ರೆಟ್ ಒತ್ತಿ ಹಿಡಿದು, ತಂತಿಯ ತಳಕ್ಕೂ ಅದರ ಕೆಳಗೆ ಪಿಕಪ್‌ನಲ್ಲಿ ಕಾಣುವ ಲೋಹದ ಕಂಬದ ತುದಿಗೂ ನಡುವಿನ ಜಾಗ ನೋಡಿ. ಒಂದೇ ಸುರುಳಿಯ ಸಾಮಾನ್ಯ ಪಿಕಪ್, ಅಂದರೆ ಸಿಂಗಲ್ ಕಾಯಿಲ್‌ಗೆ ದಪ್ಪ ತಂತಿಯ ಕಡೆ 2 ಮಿ.ಮೀ., ಸಣ್ಣ ತಂತಿಯ ಕಡೆ 1.6 ಮಿ.ಮೀ. ಇಟ್ಟು ಶುರು ಮಾಡಿ. ಅಲ್ಲಿಂದ ಮುಂದೆ ಸ್ಕೇಲ್ ಕೆಳಗಿಟ್ಟು ಕಿವಿ ಕೊಡಿ. ಅರ್ಧರ್ಧ ಸುತ್ತು ತಿರುಗಿಸುತ್ತಾ ನುಡಿಸಿ. ನೆಕ್ ಕಡೆಯ ಪಿಕಪ್ ಮೇಲೆ ತಂತಿ ಜಾಸ್ತಿ ತೂಗಾಡುತ್ತದೆ, ಹಾಗಾಗಿ ಅದನ್ನು ಬ್ರಿಡ್ಜ್ ಪಿಕಪ್‌ಗಿಂತ ತುಸು ಕೆಳಗೆ ಇಟ್ಟರೆ ಎರಡರ ಜೋರು ಸಮ ಬರುತ್ತದೆ.

ಈಗ ರೆಕಾರ್ಡ್ ಮಾಡಿ

ಇಷ್ಟು ಮಾಡಿದ ಮೇಲಿನ ದನಿಯೇ ನಿಮ್ಮ ಗಿಟಾರಿನ ನಿಜವಾದ ದನಿ. ಅರ್ಧ ನಿಮಿಷ ನುಡಿಸಿ ಇಟ್ಟುಕೊಳ್ಳಿ: ತೆರೆದ ತಂತಿಯ ಒಂದು ಕಾರ್ಡ್, 12ನೇ ಫ್ರೆಟ್ ಸುತ್ತ ನಾಲ್ಕು ಬಿಡಿ ಸ್ವರ, ಡಿಸ್ಟಾರ್ಷನ್‌ನಲ್ಲಿ ಒಂದು ಹೊಡೆತ. ಆಡಿಯೋ ಇಂಟರ್‌ಫೇಸ್ ಇದ್ದರೆ ಅದರಲ್ಲಿ. ಇಲ್ಲದಿದ್ದರೆ ಫೋನ್ ಸಾಕು. ಫೋನ್ ಇಟ್ಟ ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿ, ಆಂಪ್‌ನ ನಾಬ್‌ಗಳ ಫೋಟೋ ತೆಗೆದಿಡಿ. ಮುಂದೆ ಏನೇ ಬದಲಿಸಿದರೂ ಅದೇ ಕೇಬಲ್, ಅದೇ ಪಿಕ್, ಅದೇ ಸೆಟ್ಟಿಂಗ್. ಒಂದು ಸಲಕ್ಕೆ ಒಂದೇ ಬದಲಾವಣೆ.

ಇಲ್ಲೇ ಇನ್ನೊಂದು ಮಾತು. ಗಿಟಾರಿನ ಯಾವ ಭಾಗಕ್ಕಿಂತಲೂ ದನಿಯನ್ನು ಜಾಸ್ತಿ ಬದಲಿಸುವುದು ಸ್ಪೀಕರ್. 12 ಇಂಚಿನ ಸ್ಪೀಕರ್ ಇರುವ ಆಂಪ್‌ಗೆ ಒಮ್ಮೆ ಚುಚ್ಚಿ ನೋಡಿ, ಅರ್ಧ ಅತೃಪ್ತಿ ಅಲ್ಲೇ ಕರಗಬಹುದು. ಪೆಂಡಾಲಿನಲ್ಲಿ ನೇರ ಮಿಕ್ಸರ್‌ಗೆ ಹಾಕುವವರು ಪ್ರೊಸೆಸರ್‌ನಲ್ಲಿ ಕ್ಯಾಬ್ ಸಿಮ್ಯುಲೇಷನ್ (ಸ್ಪೀಕರ್ ಡಬ್ಬಿಯ ದನಿಯನ್ನು ಅನುಕರಿಸುವ ಸೆಟ್ಟಿಂಗ್) ಆನ್ ಇದೆಯಾ ನೋಡಿಕೊಳ್ಳಿ. ಅದಿಲ್ಲದೆ ಡಿಸ್ಟಾರ್ಷನ್ ಹಾಕಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಕೇಳುತ್ತದೆ.

ಗುಂಯ್ ಅನ್ನುವ ಸದ್ದು

ಪೆಂಡಾಲ್ ಅಂದರೆ ಸೀರಿಯಲ್ ಸೆಟ್, ಟ್ಯೂಬ್‌ಲೈಟ್, ಪಕ್ಕದಲ್ಲೇ ಜನರೇಟರ್. ಸಿಂಗಲ್ ಕಾಯಿಲ್ ಪಿಕಪ್ ಇದನ್ನೆಲ್ಲಾ ಆಂಟೆನಾ ಥರ ಹಿಡಿಯುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅಲೆಯುವುದರಿಂದ ಆ ಗುಂಯ್. ಇದಕ್ಕೆಂದೇ ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಹಂಬಕರ್ ರೂಪಿಸಿದ್ದು. ಎರಡು ಕಾಯಿಲ್, ಒಂದರ ಸುತ್ತೂ ಅಯಸ್ಕಾಂತವೂ ಇನ್ನೊಂದಕ್ಕೆ ಉಲ್ಟಾ. ಹೊರಗಿನ ಗದ್ದಲ ಎರಡರಲ್ಲೂ ಎದುರುಬದುರಾಗಿ ಸತ್ತುಹೋಗುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ.

ಸಿಂಗಲ್ ಕಾಯಿಲ್ ಬಿಡಲು ಮನಸ್ಸಿಲ್ಲದಿದ್ದರೆ ಗಿಟಾರ್ ಒಳಗಿನ ಗುಳಿಯ ಗೋಡೆಗೆ ತಾಮ್ರದ ಟೇಪ್ ಅಂಟಿಸಿ, ಅದನ್ನು ಗ್ರೌಂಡ್‌ಗೆ ಸೇರಿಸಿ. ಕೇಬಲ್ ಚುಚ್ಚುವ ಜಾಕಿನ ಸಿಗ್ನಲ್ ತುದಿ ಟೇಪಿಗೆ ತಾಗಬಾರದು. ತಾಗಿದರೆ ದನಿಯೇ ಬರುವುದಿಲ್ಲ.

ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಚಿಂತೆ ಇಲ್ಲ. ಆದರೆ ತಂತಿ ಮುಟ್ಟಿದಾಗ ಅಥವಾ ಮೈಕಿಗೆ ತುಟಿ ತಾಗಿದಾಗ ಚುರ್ ಅಂದರೆ ಅಲ್ಲಿಗೇ ನಿಲ್ಲಿಸಿ, ಪ್ಲಗ್ ಕೀಳಿಸಿ. ಅದು ಅರ್ಥಿಂಗ್ ತೊಂದರೆ, ಜೀವಕ್ಕೆ ಅಪಾಯ. ಮೂರನೇ ಪಿನ್ ಮುರಿದು ಎರಡು ಪಿನ್ ಬೋರ್ಡಿಗೆ ಚುಚ್ಚುವ ಚಟ ಬಿಡಿ.

ಪಿಕಪ್ ಬದಲಿಸುವುದು

ಒಮ್ಮೆ ನನ್ನ ಸತ್ತುಹೋದ ಪಿಕಪ್ಪೊಂದನ್ನು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ಒಯ್ದಿದ್ದೆ. ತಾಮ್ರದ ತಂತಿ ಸುತ್ತುವುದೇ ಅವರ ಕಸುಬಲ್ವಾ ಅಂತ. ಅವರು ಕನ್ನಡಕ ಮೇಲೇರಿಸಿ, ತುದಿಯನ್ನು ಉಗುರಿನಿಂದ ಎತ್ತಿ ನೋಡಿದರು. "ಏನ್ರೀ ಇದು, ವೈರಾ ಕೂದ್ಲಾ?" ಕೂದಲೇ ಅನ್ನಿ. ದಪ್ಪ ಮಿ.ಮೀ.ನ ನೂರರಲ್ಲಿ ಆರು ಭಾಗ. ಸ್ಟ್ರಾಟೊಕಾಸ್ಟರ್ ನಮೂನೆಯ ಪಿಕಪ್‌ನಲ್ಲಿ ಅಂಥಾ ತಂತಿ ಸುಮಾರು 8 ಸಾವಿರ ಸುತ್ತು ಇರುತ್ತದೆ. ಅವರು ಸುತ್ತಿಕೊಡಲಿಲ್ಲ. ಆದರೆ ಮೀಟರ್ ಹಿಡಿದು, ಕಾಯಿಲ್ ಎಲ್ಲೋ ಕಡಿದಿದೆ ಅಂತ ಒಂದೇ ನಿಮಿಷದಲ್ಲಿ ಹೇಳಿದರು, ಚಹಾನೂ ಕುಡಿಸಿದರು.

ನೀವೂ ಮೀಟರ್ ಹಿಡಿಯಬಹುದು. ಕೇಬಲ್ ಚುಚ್ಚಿ, ಗಿಟಾರಿನ ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲಿನ ಇನ್ನೊಂದು ತುದಿಯಲ್ಲಿ ಓಮ್ಸ್ ನೋಡಿ. ಸಿಂಗಲ್ ಕಾಯಿಲ್ 6 ಸಾವಿರ, ಹಂಬಕರ್ 8 ಸಾವಿರದ ಸುತ್ತಮುತ್ತ ತೋರಿಸಿದರೆ ಕಾಯಿಲ್ ಸರಿಯಿದೆ. ಈ ಅಂಕಿ ಜಾಸ್ತಿ ಇದ್ದರೆ ದನಿ ಚೆಂದ ಅಂತೇನಿಲ್ಲ. ಹೆಚ್ಚು ಸುತ್ತಿದರೆ ಜೋರೂ ಗಡುಸೂ ಆಗುತ್ತದೆ, ಟ್ರೆಬಲ್ ಇಳಿಯುತ್ತದೆ.

ಕೊಳ್ಳುವ ಮೊದಲು ಅಳತೆ ನೋಡಿ. ಸಿಂಗಲ್ ಕಾಯಿಲ್ ತೂತಿಗೆ ಹಂಬಕರ್ ಕೂರುವುದಿಲ್ಲ, ಸಿಂಗಲ್ ಅಗಲದ ಹಂಬಕರ್ ಬೇರೆ ಸಿಗುತ್ತದೆ. ನಾಬ್ ಕೆಳಗಿರುವ, ತಿರುಗಿಸಿದಂತೆ ಓಮ್ಸ್ ಬದಲಾಗುವ ಬಿಡಿಭಾಗಕ್ಕೆ ಪಾಟ್ ಅನ್ನುತ್ತಾರೆ. ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳು ಸಾಮಾನ್ಯವಾಗಿ ಸಿಂಗಲ್ ಕಾಯಿಲ್‌ಗೆ 250ಕೆ (ಎರಡೂವರೆ ಲಕ್ಷ ಓಮ್ಸ್), ಹಂಬಕರ್‌ಗೆ 500ಕೆ. ಹಂಬಕರ್ ಹಾಕಿ 250ಕೆ ಪಾಟ್ ಬಿಟ್ಟರೆ ದನಿ ಕಂಬಳಿ ಹೊದ್ದ ಹಾಗೆ. ಒಳ್ಳೆಯ ದೊಡ್ಡ ಪಾಟ್‌ಗೆ ಸುಮಾರು 9.5 ಮಿ.ಮೀ. ತೂತು ಬೇಕು. ಕಡಿಮೆ ಬೆಲೆಯ ಗಿಟಾರಿನ ತೂತು ಅದಕ್ಕಿಂತ ಸಣ್ಣದು, ದೊಡ್ಡದು ಮಾಡಬೇಕಾಗುತ್ತದೆ.

ಬಿಚ್ಚುವ ಮೊದಲು ವೈರಿಂಗ್ ಫೋಟೋ ತೆಗೆಯಿರಿ. ನಾನು ತೆಗೆಯದೆ ಬಿಚ್ಚಿ, ಹಬ್ಬದ ಹಿಂದಿನ ರಾತ್ರಿ ಅಂದಾಜಿನ ಮೇಲೆ ಬೆಸುಗೆ ಹಾಕಿದ್ದೆ. ಸ್ಟೇಜ್ ಮೇಲೆ ಎರಡು ಪಿಕಪ್ ಒಟ್ಟಿಗೆ ಹಾಕಿದರೆ ಮೂಗಿನಲ್ಲಿ ಹಾಡಿದ ಹಾಗೆ ತೆಳ್ಳಗೆ ಕೀಂ ಅನ್ನುತ್ತಿತ್ತು. ಒಂದು ಪಿಕಪ್‌ನ ಎರಡು ವೈರು ಅದಲುಬದಲಾಗಿತ್ತು. ಫೇಸ್ ಉಲ್ಟಾ ಅನ್ನುವುದು ಇದನ್ನೇ. ನಿಮಗೂ ಹಾಗೆ ಕೇಳಿಸಿದರೆ, ಪ್ಲಾಸ್ಟಿಕ್ ಕವರಿನ ಸಾದಾ ಎರಡು ವೈರಿನ ಪಿಕಪ್ ಆದರೆ, ಒಂದರ ವೈರು ಅದಲುಬದಲು ಮಾಡಿ. ಸರಿಹೋಗುತ್ತದೆ.

ಬೆಸುಗೆಗೆ ರೋಸಿನ್ ಇರುವ 60/40 ಲೆಡ್ ತನ್ನಿ. ಪಾಟ್ ಬೆನ್ನಿಗೆ ಗ್ರೌಂಡ್ ವೈರು ಹಚ್ಚಲು 25 ವಾಟ್ ಐರನ್ ಸಾಲದು. ಕಾಯಲಿ ಅಂತ ಒತ್ತಿ ಹಿಡಿದೇ ಪಾಟ್ ಸುಟ್ಟುಹೋಗುತ್ತದೆ. 40 ವಾಟ್ ಅಥವಾ ಜಾಸ್ತಿಯದರಲ್ಲಿ ಬೇಗ ಮುಟ್ಟಿಸಿ ಬೇಗ ತೆಗೆಯಿರಿ. ತಂತಿ ಹಾಕುವ ಮೊದಲು ಆಂಪ್‌ಗೆ ಚುಚ್ಚಿ, ಸ್ಕ್ರೂಡ್ರೈವರಿನಿಂದ ಒಂದೊಂದೇ ಪಿಕಪ್ಪನ್ನು ಮೆಲ್ಲಗೆ ತಟ್ಟಿ. ಟಕ್ ಅಂದರೆ ಬದುಕಿದೆ.

ಬ್ರಿಡ್ಜ್, ಟ್ಯೂನರ್, ನಟ್

ಇಲ್ಲಿ ನಾನು ಸ್ವಲ್ಪ ಜುಗ್ಗ. ಟ್ಯೂನರ್ ಬದಲಿಸಿದರೆ ಶ್ರುತಿ ಸುಧಾರಿಸಬಹುದು, ದನಿಯಲ್ಲಿ ನಾನು ವ್ಯತ್ಯಾಸ ಕೇಳಿಲ್ಲ. ಶ್ರುತಿ ಜಾರುವುದಕ್ಕೂ ಬಹಳ ಸಲ ಕಾರಣ ನಟ್, ಅಂದರೆ ನೆಕ್ ತುದಿಯಲ್ಲಿ ಕೀಲಿಗಳ ಮುಂದೆ ತಂತಿಗಳು ಕೂರುವ ಸಣ್ಣ ಪಟ್ಟಿ. ಟ್ಯೂನ್ ಮಾಡುವಾಗ ಟಿಕ್ ಅನ್ನುವ ಸದ್ದು ಬಂದರೆ ತಂತಿ ಆ ಪಟ್ಟಿಯ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಮಕ್ಕಳ ಪೆನ್ಸಿಲ್ಲಿನ ಸೀಸದ ಪುಡಿ ಅಲ್ಲಿ ಸವರಿ, ಜಾರುತ್ತದೆ. ಬ್ರಿಡ್ಜ್ ಬೇಕೇ ಬೇಕು ಅಂದರೆ ಒಂದನೇ ಮತ್ತು ಆರನೇ ತಂತಿಯ ನಡುವಿನ ಅಂತರ, ಸ್ಕ್ರೂ ತೂತುಗಳ ಅಂತರ ಎರಡನ್ನೂ ಮಿ.ಮೀ. ಲೆಕ್ಕದಲ್ಲಿ ಅಳೆದು ಆರ್ಡರ್ ಮಾಡಿ. ಒಂದೇ ಥರ ಕಾಣುವ ಬ್ರಿಡ್ಜ್‌ಗಳಲ್ಲೂ ಅಳತೆ ಬೇರೆ ಇರುತ್ತದೆ. ಯಾವ ಮರದ ಗಿಟಾರಿನ ದನಿ ಚೆಂದ ಅನ್ನುವ ವಾದಕ್ಕೆ ನಾನು ಇಳಿಯುವುದಿಲ್ಲ. ಅದನ್ನು ಬದಲಿಸಲು ಆಗುವುದಿಲ್ಲವಲ್ಲ.

ಹೆಸರು ಮುಚ್ಚಿ ಕೇಳಿ

ಹೊಸದನ್ನೂ ಮೊದಲಿನ ಹಾಗೇ ರೆಕಾರ್ಡ್ ಮಾಡಿ. ತಂತಿ ಹೊಸದಾದರೆ ಹೊಸ ತಂತಿಯನ್ನು ಹೊಸ ಪಿಕಪ್ ಅಂದುಕೊಳ್ಳುತ್ತೀರಿ, ಹಾಗಾಗಿ ಎರಡೂ ಸಲ ತಂತಿಯ ವಯಸ್ಸು ಒಂದೇ ಇರಲಿ. ಆಮೇಲೆ ಆಡಾಸಿಟಿ ಥರದ ಉಚಿತ ಸಾಫ್ಟ್‌ವೇರ್‌ನಲ್ಲಿ ಎರಡರ ಜೋರು ಸಮ ಮಾಡಿ. ಇದನ್ನು ತಪ್ಪಿಸಬೇಡಿ. ತುಸು ಜೋರಾಗಿರುವುದೇ ಕಿವಿಗೆ ಚೆಂದ ಅನ್ನಿಸುತ್ತದೆ.

ನಾನು ಫೈಲ್‌ಗಳಿಗೆ 'ದೋಸೆ', 'ಮಂಡಕ್ಕಿ' ಅಂತ ಹೆಸರಿಡಿಸಿ ಭಾವಮೈದನ ಕೈಗೆ ಕೊಡುತ್ತೇನೆ. ಅವನಿಗೆ ಗಿಟಾರ್ ಹಿಡಿಯಲೂ ಬರುವುದಿಲ್ಲ, ಅದೇ ಅನುಕೂಲ. ಅವನು ನಾಣ್ಯ ಚಿಮ್ಮಿ ಒಂದನ್ನು ಹಾಕುತ್ತಾನೆ, ನಾನು ಬೆನ್ನು ತಿರುಗಿಸಿ ಕೂತು ಯಾವುದು ಅಂತ ಹೇಳಬೇಕು. ಹತ್ತು ಸಲ. ಐದಾರು ಸರಿ ಬಂದರೆ ಅದು ಊಹೆ. ಒಂಬತ್ತೋ ಹತ್ತೋ ಬಂದರೆ ಕಿವಿಗೆ ನಿಜವಾಗಿ ಕೇಳಿಸುತ್ತಿದೆ ಅನ್ನಬಹುದು. ಬರೀ ಊಹೆಯಿಂದ ಅಷ್ಟು ಬರುವುದು ನೂರಕ್ಕೆ ಒಂದು ಸಲ.

ಪಿಕಪ್ ಬದಲಿಸಿದಾಗ ಹತ್ತಕ್ಕೆ ಹತ್ತು ಹೇಳಿದ್ದೆ. ಆ ಹುಮ್ಮಸ್ಸಿನಲ್ಲಿ ಎಣ್ಣೆ-ಕಾಗದದ ದುಬಾರಿ ಟೋನ್ ಕೆಪಾಸಿಟರ್ ಒಂದನ್ನು ತರಿಸಿ, ಹಳೇ 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಜಾಗದಲ್ಲಿ ಅದೇ ಅಳತೆಯದನ್ನು ಹಾಕಿದೆ. ಭಾವಮೈದ ನಾಣ್ಯ ಚಿಮ್ಮಿದ. ಹತ್ತಕ್ಕೆ ಐದು. ಅದು ಇನ್ನೂ ಗಿಟಾರ್ ಒಳಗೇ ಇದೆ, ಮತ್ತೆ ಬಿಚ್ಚಲು ಬೇಜಾರು.