ಝೆಕ್ ಗಾಡಿ ಅಂದರು, ಪಾರ್ಟು ಸಿಕ್ಕಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ: ನನ್ನ ಅನುಭವ

2004ರ ಸ್ಕೋಡಾ ಆಕ್ಟೇವಿಯಾ, 1.9 ಟಿಡಿಐ ಡೀಸೆಲ್. ಮಂಡ್ಯದ ಕಡೆ ಆಲೆಮನೆ ಇಟ್ಟಿರುವ ಗೌಡ್ರ ಗಾಡಿ. 2019ರ ಬೇಸಿಗೆಯಲ್ಲಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದು ಮೈಸೂರಿನ ನಮ್ಮ ಶೆಡ್ಡಿನ ಮುಂದೆ ನಿಲ್ಲಿಸಿದರು. ಸ್ಟೇರಿಂಗ್ ರ್‍ಯಾಕಿನಿಂದ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳಿಸುವ ಭಾಗ) ಆಯಿಲ್ ಸೋರುತ್ತಿತ್ತು, ಡೀಸೆಲ್ ಪಂಪ್ ಕೆಳಗೆ ಒದ್ದೆ, ಬೆಳಗ್ಗೆ ಹೊತ್ತು ಇಪ್ಪತ್ತು ಸಲ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಅದಕ್ಕೂ ಮೊದಲು ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಎಸ್ಟಿಮೇಟ್ ತೆಗೆಸಿದ್ದರು. ಪಂಪು, ರ್‍ಯಾಕು, ಲೇಬರ್ ಸೇರಿ ಎರಡು ಲಕ್ಷದ ಮೇಲೆ. ಗಾಡಿ ಅವರು ತಗೊಂಡಿದ್ದೇ ಒಂದು ಲಕ್ಷಕ್ಕೆ. ಗುಜರಿಯವನು 35 ಸಾವಿರ ಕೊಡುತ್ತೇನೆ ಅಂದಿದ್ದ.

"ಇದು ಝೆಕ್ ಗಾಡಿ ಕಣಪ್ಪ, ಇಂಪೋರ್ಟೆಡ್. ಪಾರ್ಟು ಅಲ್ಲಿಂದಲೇ ಬರಬೇಕಂತೆ" ಅಂದರು ಗೌಡ್ರು.

"ಬಿಡಿ ಗೌಡ್ರೇ, ನೋಡೋಣ" ಅಂದೆ. ನನ್ನ ಜೊತೆಯ ಮೇಸ್ತ್ರಿಗಳು ಯಾರೂ ಒಪ್ಪಲಿಲ್ಲ. ಇಂಪೋರ್ಟೆಡ್ ಪಂಪಿಗೆ ಕೈ ಹಾಕಿದರೆ ಗಾಡಿ ನಿನ್ನ ತಲೆಗೇ ಬರುತ್ತೆ ಅಂತ ಹೆದರಿಸಿದವರೇ ಜಾಸ್ತಿ. ಆ ಗಾಡಿ ಇವತ್ತಿಗೂ ಮಂಡ್ಯ–ಮೈಸೂರು ಓಡಾಡುತ್ತಿದೆ. ಆಮೇಲೆ ಅದೇ ದಾರಿಯಲ್ಲಿ ಮೂವತ್ತರ ಹತ್ತಿರ ಗಾಡಿ ಎಬ್ಬಿಸಿದ್ದೇನೆ. ಈಗ ಬರೆಯುತ್ತಿರುವುದು ಅದಕ್ಕೇ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ, ಯಾಕೆಂದರೆ ದುಡ್ಡು ಹೋಗಿದ್ದು ಅಲ್ಲೇ. ಚಾಸಿಸ್ ನಂಬರ್ ನೋಡಿದೆ. ಟಿಎಂಬಿ ಅಂತ ಶುರು. ಟಿಎಂಬಿ ಅಂದರೆ ಸ್ಕೋಡಾ, ಝೆಕ್ ದೇಶ. ಸರಿ, ಗೌಡ್ರು ಹೇಳಿದ್ದು ನಿಜ ಇರಬೇಕು ಅಂತ ಯುರೋಪಿನ ಒಂದು ಆನ್‌ಲೈನ್ ಅಂಗಡಿಯಲ್ಲಿ ಹೊಸ ರ್‍ಯಾಕ್ ಆರ್ಡರ್ ಮಾಡಿದೆ. ಪಾರ್ಟಿಗೆ ಸುಮಾರು 16 ಸಾವಿರ, ಕೊರಿಯರ್ 7 ಸಾವಿರ. ಒಟ್ಟು 23 ಸಾವಿರ. ಡ್ಯೂಟಿ ಹಾಕುವುದು ಬರೀ ಪಾರ್ಟಿನ ಬೆಲೆ ಮೇಲಲ್ಲ, ಸಾಗಣೆ ಖರ್ಚನ್ನೂ ಸೇರಿಸಿ. ಆಗ ಗಾಡಿ ಪಾರ್ಟಿಗೆ ಮೂಲ ಸುಂಕ 15, ಆ ಸುಂಕದ ಮೇಲೆ ಹತ್ತು ಪರ್ಸೆಂಟ್ ಸರ್ಚಾರ್ಜ್, ಅಷ್ಟನ್ನೂ ಸೇರಿಸಿದ ಮೊತ್ತಕ್ಕೆ ಹೊರದೇಶದ ಮಾಲಿಗೆ ಹಾಕುವ 28 ಪರ್ಸೆಂಟ್ ಐಜಿಎಸ್‌ಟಿ. ನೂರು ರೂಪಾಯಿ ಮಾಲಿಗೆ 49 ರೂಪಾಯಿ ಚಿಲ್ಲರೆ. ನಾನು ಇದನ್ನೇ ಲೆಕ್ಕ ಹಾಕಿ 11 ಸಾವಿರ ತೆಗೆದಿಟ್ಟಿದ್ದೆ.

ಆದರೆ ತರಿಸಿದ್ದು ನನ್ನ ಸ್ವಂತ ಹೆಸರಲ್ಲಿ, ಅಂಗಡಿ ಹೆಸರಲ್ಲಲ್ಲ. ಕೊರಿಯರಿನವರು ಅದನ್ನು ಸ್ವಂತ ಬಳಕೆಯ ಮಾಲು ಅಂತ ತೋರಿಸಿಬಿಟ್ಟರು. ಆ ಲೆಕ್ಕದಲ್ಲಿ ಆಗ ಮೂಲ ಸುಂಕವೇ 35. ಎಲ್ಲಾ ಸೇರಿ ನೂರಕ್ಕೆ 77. ಕಟ್ಟಿದ್ದು 17 ಸಾವಿರದ ಮೇಲೆ. 23 ಸಾವಿರದ್ದು 41 ಸಾವಿರ ಹತ್ತಿರ ಬಂತು. ಪೆಟ್ಟಿಗೆ ಒಡೆದು ನೋಡಿದರೆ ಎಡಗಡೆ ಸ್ಟೇರಿಂಗ್ ಗಾಡಿಯ ರ್‍ಯಾಕ್! ಅಂಗಡಿಯವನು ಚಾಸಿಸ್ ಕೇಳಿರಲಿಲ್ಲ, ನಾನು ಮಾಡೆಲ್, ಇಸವಿ ಕೊಟ್ಟು ಸುಮ್ಮನಾಗಿದ್ದೆ. ವಾಪಸ್ ಕಳಿಸೋಣ ಅಂದರೆ ಮತ್ತೆ ಏಳು ಸಾವಿರ, ಕಟ್ಟಿದ ಸುಂಕ ಬರುತ್ತೆ ಅನ್ನುವ ಭರವಸೆ ಇಲ್ಲ. ಆ ತಿಂಗಳು ಹುಡುಗರ ಸಂಬಳಕ್ಕೆ ಮನೆಯಾಕೆಯ ಬಳೆ ಅಡವಿಡಬೇಕಾಯಿತು. ಆ ಸಂಕಟ ಈಗಲೂ ನೆನಪಿದೆ.

ಅವತ್ತು ರಾತ್ರಿ ಕೂತು ಯೋಚಿಸಿದೆ. ಗಾಡಿ ಬಲಗಡೆ ಸ್ಟೇರಿಂಗ್. ಸ್ಕೋಡಾದವರು 2001ರಿಂದಲೇ ಔರಂಗಾಬಾದಿನ ಶೇಂದ್ರಾದಲ್ಲಿ ಆಕ್ಟೇವಿಯಾ ಜೋಡಿಸುತ್ತಿದ್ದರು. ಅಂದರೆ ಈ ಗಾಡಿಯ ಬೋಲ್ಟು ತಿರುಗಿಸಿದ ಕೈ ಮಹಾರಾಷ್ಟ್ರದ್ದು. ಹಾಗಿದ್ದರೆ ಚಾಸಿಸ್ ನಂಬರಿನಲ್ಲಿ ಟಿಎಂಬಿ ಯಾಕೆ? ಮೊದಲ ಮೂರು ಅಕ್ಷರ ಹೇಳುವುದು ಗಾಡಿಗೆ ಹೊಣೆ ಹೊತ್ತ ಕಂಪನಿ ಯಾವುದು ಅಂತ. ಎಲ್ಲಿ ಜೋಡಿಸಿದರು ಅಂತಲ್ಲ. ಫ್ಯಾಕ್ಟರಿ ಗುರುತು ಸಾಮಾನ್ಯವಾಗಿ ಹನ್ನೊಂದನೇ ಅಕ್ಷರದಲ್ಲಿ ಇರುತ್ತೆ, ಅದೂ ಕಂಪನಿ ಕಂಪನಿಗೆ ಬೇರೆ. ಇದು ಗೊತ್ತಿಲ್ಲದೆ ನಾನು 41 ಸಾವಿರ ಕಳೆದುಕೊಂಡೆ.

ಇದೆಲ್ಲ ಹೀಗಿರುವುದಕ್ಕೆ ಸುಂಕವೇ ಕಾರಣ. ಪೂರ್ತಿ ಕಟ್ಟಿದ ಗಾಡಿಯನ್ನು ಹಡಗಿನಲ್ಲಿ ತಂದರೆ, 40 ಸಾವಿರ ಡಾಲರ್ ದಾಟಿದ್ದಕ್ಕೆ ಬಹಳ ವರ್ಷ ನೂರಕ್ಕೆ ನೂರು ಇತ್ತು. ಅದಕ್ಕಿಂತ ಕಮ್ಮಿ ಬೆಲೆಯದಕ್ಕೆ 60, 2023ರಲ್ಲಿ ಅದು 70 ಆಯಿತು. ಅದೇ ಗಾಡಿಯನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಿ ತಂದು ಇಲ್ಲಿ ಜೋಡಿಸಿದರೆ 10, 2018ರಿಂದ 15. ಯಾರು ತಾನೇ ಬಿಚ್ಚದೆ ತರುತ್ತಾರೆ? 2011ರ ಬಜೆಟ್ಟಿನಲ್ಲಿ ಸರ್ಕಾರ ಬಿಗಿ ಮಾಡಿತು. ಎಂಜಿನ್ನೋ ಗೇರ್‌ಬಾಕ್ಸೋ ಮೊದಲೇ ಜೋಡಿಸಿಕೊಂಡು ತಂದರೆ ಅದು ಬಿಡಿ ಕಿಟ್ ಅಲ್ಲ ಅಂತ ಹೇಳಿ, ಅಂಥದ್ದಕ್ಕೆ ಆಗ 30 ನಿಂತಿತು, 2023ರಲ್ಲಿ ಅದು 35 ಆಯಿತು. ಅಲ್ಲಿಂದ ಕಂಪನಿಗಳು ಎಂಜಿನ್ ಜೋಡಿಸುವ ಕೆಲಸವನ್ನೂ ಇಲ್ಲೇ ಶುರು ಮಾಡಿದವು. ಇಲ್ಲಿ ಜೋಡಿಸಲು ಕೂತ ಮೇಲೆ ಬೇರಿಂಗು, ಹೋಸು, ಗ್ಲಾಸು, ಬ್ಯಾಟರಿ ಎಲ್ಲಾ ಇಲ್ಲಿಂದಲೇ ತಗೊಳ್ಳುವುದು ಅಗ್ಗ. ಹೆಸರು ಪರದೇಶದ್ದು, ಒಳಗಿರುವುದರಲ್ಲಿ ಎಷ್ಟೋ ನಮ್ಮ ಪಕ್ಕದ ಊರಿನದು.

ಹಾಗಾಗಿ ಗಾಡಿಯನ್ನು ಒಂದೇ ವಸ್ತು ಅಂತ ನೋಡುವುದನ್ನು ಬಿಟ್ಟೆ. ಒಂದೊಂದು ಪಾರ್ಟಿಗೂ ಬೇರೆ ಹುಟ್ಟೂರು. ಪಾರ್ಟು ಬಿಚ್ಚು, ಡೀಸೆಲ್ ಹಾಕಿ ತೊಳಿ, ವೈರ್ ಬ್ರಷ್ ಹೊಡಿ, ಮೇಲಿರುವ ನಂಬರ್ ಓದು. ಗಾಡಿ ಕಂಪನಿಯ ನಂಬರ್ ಬೇಡ, ಪಾರ್ಟು ಮಾಡಿದವನ ನಂಬರ್ ಬೇಕು. ನನ್ನ ಕೆಲಸ ಪೂರ್ತಿ ಇಷ್ಟೇ.

ಆ ಪಂಪು ತೊಳೆದಾಗ ತಗಡಿನ ಪಟ್ಟಿ ಕಾಣಿಸಿತು. ಬಾಷ್, 0 460 404 ಅಂತ ಶುರು, ಮುಂದೆ ಮೂರು ಅಂಕಿ. ಹತ್ತು ಅಂಕಿಯ ಈ ನಂಬರ್ ಯಾವ ಡಬ್ಬದಲ್ಲಿ ಬಂದರೂ ಬದಲಾಗಲ್ಲ. ಗಾಡಿ ಕಂಪನಿ ಡಬ್ಬದಲ್ಲಿದ್ದರೆ ಒಂದು ಬೆಲೆ, ಬಾಷ್ ಡಬ್ಬದಲ್ಲಿದ್ದರೆ ಇನ್ನೊಂದು. ಇದು ವಿಪಿ37 ಪಂಪು. ನಮ್ಮ ಹಳೇ ಡೀಸೆಲ್ ಗಾಡಿಗಳ ವಿಇ ಪಂಪಿನ ತಮ್ಮ, ತಲೆ ಮೇಲೆ ಎಲೆಕ್ಟ್ರಾನಿಕ್ಸ್ ಕೂತಿದೆ ಅಷ್ಟೇ. ಪಂಪಿಗೆ ಏನೂ ಆಗಿರಲಿಲ್ಲ, ಗಟ್ಟಿಮುಟ್ಟಾಗಿತ್ತು. ಹದಿನೈದು ವರ್ಷದ ರಬ್ಬರ್ ಒಣಗಿತ್ತು. ಮೇಲಿನ ಮುಚ್ಚಳದ ಸೀಲು ಬೆರಳಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯಿತು. ಸೀಲ್ ಕಿಟ್ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು, ಸಾವಿರದ ಎಂಟುನೂರೋ ಎರಡು ಸಾವಿರವೋ. ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ, ಅವರ ಹತ್ತಿರ ಇರುವುದೇ ಸ್ವಲ್ಪ ಸ್ಟಾಕ್.

ಸೀಲು ಹಾಕುವುದು ಸುಲಭ, ಮುಚ್ಚಳ ಕೂರಿಸುವುದು ಕಷ್ಟ. ಬಿಚ್ಚಿದವರಿಗೆ ಗೊತ್ತು, ನಾಲ್ಕು ಬೋಲ್ಟಿನಲ್ಲಿ ಒಂದರ ತಲೆ ಮಾತ್ರ ಮೂರು ಮೂಲೆಯದು, ಯಾವ ಸ್ಪ್ಯಾನರ್ ಹಾಕಿದರೂ ಕೂರಲ್ಲ. ನಾನು ಹಳೇ ಸಾಕೆಟ್ಟು ಅರೆದು ಒಂದು ಮಾಡಿಕೊಂಡೆ. ಮುಚ್ಚಳ ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ಡೀಸೆಲ್ ಅಳತೆ ತಪ್ಪುತ್ತೆ. ಮೊದಲನೇ ಸಲ ಕೂರಿಸಿದಾಗ ಸ್ಟಾರ್ಟ್ ಆದ ತಕ್ಷಣ ಎಂಜಿನ್ ತಾನೇ ರೇಸ್ ಆಗಿ ಶೆಡ್ಡೆಲ್ಲಾ ಕಪ್ಪು ಹೊಗೆ. ಹುಡುಗ ಕೀ ತಿರುಗಿಸಿ ಆಫ್ ಮಾಡಿದ, ಇಲ್ಲದಿದ್ದರೆ ಎಂಜಿನ್ನೇ ಹೋಗುತ್ತಿತ್ತು. ಎರಡನೇ ಸಲ ಉಲ್ಟಾ, ಡೀಸೆಲ್ ಸಾಲದಾಯಿತು. ಐಡಲ್ಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಲ್ಯಾಪ್‌ಟಾಪ್ 9 ತೋರಿಸಿತು, ಗಾಡಿ ಎಳೆಯಲೇ ಇಲ್ಲ. ಅದು ಗಾಡಿಯ ಕಂಪ್ಯೂಟರ್ ಕೇಳುವ ಡೀಸೆಲ್ ಅಳತೆ, ಸ್ಟ್ರೋಕಿಗೆ 3ರಿಂದ 5 ಮಿಲಿಗ್ರಾಂ ಇರಬೇಕು. ಬೋಲ್ಟು ಅರ್ಧ ಸಡಿಲ ಮಾಡಿ, ಹಿತ್ತಾಳೆ ಕಡ್ಡಿ ಇಟ್ಟು ಮೆಲ್ಲಗೆ ತಟ್ಟಿ, ಮತ್ತೆ ಬಿಗಿ ಮಾಡಿ, ಮತ್ತೆ ಓದಿ. ಎರಡು ದಿನ ಅದೇ ಕೆಲಸ. ಮೂರನೇ ದಿನ ಮಧ್ಯಾಹ್ನ 4ಕ್ಕೆ ನಿಂತಿತು. ಈಗ ನಾನು ಬಿಚ್ಚುವ ಮೊದಲೇ ಒಂದು ಗುರುತು ಹಾಕಿಕೊಳ್ಳುತ್ತೇನೆ, ಒಂದೇ ಸಲಕ್ಕೆ ಕೂರುತ್ತೆ. ಎಲ್ಲರೂ ಗೀರು ಎಳೆಯುತ್ತಾರೆ, ಬರೀ ಗೀರು ಸಾಲದು. ಉಳಿದದ್ದು ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಬರೆಯಲ್ಲ.

ರ್‍ಯಾಕಿಗೂ ಹೀಗೇ. ಬಿಚ್ಚಿ ಸೀಲುಗಳ ಅಳತೆ ತೆಗೆದೆ, ಒಳಗಿನ ಸುತ್ತು, ಹೊರಗಿನ ಸುತ್ತು, ದಪ್ಪ. ಎರಡು ಸೀಲು ಹೈಡ್ರಾಲಿಕ್ ಅಂಗಡಿಯಲ್ಲಿ ಸಿಕ್ಕವು, ಮೂರನೆಯದು ಸಿಗದೆ ಹದಿನೈದು ದಿನ ಕಾದೆ. ರಾಡಿನ ಮೇಲಿದ್ದ ತುಕ್ಕಿನ ಚುಕ್ಕೆಯನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿ ಪಾಲಿಶ್ ಮಾಡದೆ ಹೊಸ ಸೀಲ್ ಹಾಕಬೇಡಿ, ತಿಂಗಳಲ್ಲೇ ಮತ್ತೆ ಸೋರುತ್ತೆ. ಗೌಡ್ರಿಗೆ ಪಂಪು, ರ್‍ಯಾಕು, ಟೈಮಿಂಗ್ ಬೆಲ್ಟು, ನನ್ನ ಕೂಲಿ ಎಲ್ಲಾ ಸೇರಿ 26 ಸಾವಿರದ ಬಿಲ್ ಹಾಕಿದೆ. ಎರಡು ಲಕ್ಷದ ಕೆಲಸ! ನನ್ನ 41 ಸಾವಿರವನ್ನು ಅವರ ಬಿಲ್ಲಿಗೆ ಸೇರಿಸಲಿಲ್ಲ, ಅದು ನನ್ನ ತಪ್ಪು. ವಿಷಯ ಗೊತ್ತಾಗಿ ಅವರೇ ಒಂದು ಮೂಟೆ ಬೆಲ್ಲ ಕಳಿಸಿದರು.

ಆಮೇಲೆ ನನಗೆ ಇದರ ಹುಚ್ಚೇ ಹಿಡಿಯಿತು. ಬಂದ ಗಾಡಿಯಲ್ಲೆಲ್ಲಾ ಗ್ಲಾಸು, ಲೈಟು, ಬೆಲ್ಟಿನ ಚೀಟಿ ಓದುವುದು. ಒಂದು ಗಾಡಿಯ ಲೈಟಿನ ಮೇಲೆ ವೃತ್ತದೊಳಗೆ ಇ4 ಅಂತ ಇತ್ತು. ಇ4 ಅಂದರೆ ನೆದರ್‌ಲ್ಯಾಂಡ್ಸ್, ಅಲ್ಲೇ ಆಗಿರಬೇಕು ಅಂದುಕೊಂಡೆ. ಕೆಳಗೆ ನೋಡಿದರೆ ಮೇಡ್ ಇನ್ ಇಂಡಿಯಾ. ಆ ಇ ನಂಬರು ಒಪ್ಪಿಗೆ ಕೊಟ್ಟ ದೇಶದ್ದು, ತಯಾರಿಸಿದ ದೇಶದ್ದಲ್ಲ. ಇ1 ಜರ್ಮನಿ, ಇ8 ಝೆಕ್, ಇ11 ಇಂಗ್ಲೆಂಡ್ ಕಡೆಯದು. ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಆದರೆ ಪಾರ್ಟು ತರಿಸಲು ಅದನ್ನು ನಂಬಲ್ಲ.

ಇನ್ನೊಂದು ನನಗೆ ತುಂಬಾ ಖುಷಿ ಕೊಟ್ಟಿದ್ದು. ನಮ್ಮ ಚಿಕ್ಕಪ್ಪನ ಮಗ ಗಲ್ಫಿನಲ್ಲಿ ಗ್ಯಾರೇಜ್ ಕೆಲಸದಲ್ಲಿದ್ದಾನೆ. ಥಾಯ್ಲೆಂಡಿನ ಟೊಯೋಟಾ ಪಿಕಪ್ ಗೇರ್‌ಬಾಕ್ಸ್ ಇಳಿಸಿ ಫೋಟೋ ಕಳಿಸಿದ, "ಅಣ್ಣ, ಇದು ಎಲ್ಲಿಯದು ಹೇಳು" ಅಂತ. ಚಾಸಿಸ್ ಎಂಆರ್ ಅಂತ ಶುರು, ಅದು ಥಾಯ್ಲೆಂಡೇ. ಗೇರ್‌ಬಾಕ್ಸಿನ ಪಟ್ಟಿ ದೊಡ್ಡದು ಮಾಡಿ ನೋಡಿದರೆ ಇಂಡಿಯಾ! ಇನ್ನೋವಾ, ಪಿಕಪ್, ಫಾರ್ಚೂನರ್ ಎಲ್ಲಾ ಒಂದೇ ಅಡಿಪಾಯದ ಗಾಡಿಗಳು. 2004ರಲ್ಲಿ ಟೊಯೋಟಾ ಅದನ್ನು ಶುರು ಮಾಡಿದಾಗ ಡೀಸೆಲ್ ಎಂಜಿನ್ ಥಾಯ್ಲೆಂಡಿನಿಂದ, ಪೆಟ್ರೋಲ್ ಎಂಜಿನ್ ಇಂಡೋನೇಷ್ಯಾದಿಂದ, ಮ್ಯಾನುಯಲ್ ಗೇರ್‌ಬಾಕ್ಸ್ ಇಂಡಿಯಾ ಮತ್ತು ಫಿಲಿಪೀನ್ಸಿನಿಂದ ಅಂತ ಹಂಚಿಕೊಂಡರು. ಇಂಡಿಯಾ ಅಂದರೆ ನಮ್ಮ ಬಿಡದಿ. ಮೈಸೂರಿನಿಂದ ನೂರು ಚಿಲ್ಲರೆ ಕಿಲೋಮೀಟರ್. ತಟ್ಟೆ ಇಡ್ಲಿ ತಿನ್ನಲು ನಿಲ್ಲಿಸುತ್ತೀವಲ್ಲ, ಅದೇ ಬಿಡದಿ. ಮರಳುಗಾಡಿನಲ್ಲಿ ಓಡುವ ಗಾಡಿಯ ಗೇರು ಅಲ್ಲಿ ಹುಟ್ಟಿದ್ದು.

ಹಳೇ ಗಾಡಿ ಬ್ರೋಕರ್‌ಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಶ್ರೀರಂಗಪಟ್ಟಣದ ಒಬ್ಬ ಮೇಷ್ಟ್ರು ಟೊಯೋಟಾ ತಗೊಳ್ಳಲು ನನ್ನನ್ನು ಕರೆದುಕೊಂಡು ಹೋದರು. ಬ್ರೋಕರ್ ಹೇಳಿದ್ದು ಇದು ಜಪಾನಿನಲ್ಲೇ ಕಟ್ಟಿದ ಗಾಡಿ, ಅದಕ್ಕೇ ಒಂದು ಲಕ್ಷ ಜಾಸ್ತಿ ಅಂತ. ಚಾಸಿಸ್ ನೋಡಿದೆ, ಎಂಬಿಜೆ, ಅದು ಇಂಡಿಯಾದ ಟೊಯೋಟಾ ಗುರುತು. ಮೇಷ್ಟ್ರ ಕಿವಿಯಲ್ಲಿ "ಸಾರ್, ಇದು ಬಿಡದಿದು" ಅಂದೆ. ಲಕ್ಷ ಇಳಿಯಿತು. ಇಂಡಿಯಾದ ನಂಬರುಗಳು ಹೆಚ್ಚಾಗಿ ಎಂಎಯಿಂದ ಎಂಇ ತನಕ ಶುರು. ಎಂಎ3 ಮಾರುತಿ, ಎಂಎಎಲ್ ಹ್ಯುಂಡೈ, ಎಂಎಟಿ ಟಾಟಾ. ಹಾಗೆ ಶುರುವಾದರೆ ಇಲ್ಲಿಯದು ಅಂತ ಧೈರ್ಯವಾಗಿ ಹೇಳಬಹುದು. ಆದರೆ ಬೇರೆ ದೇಶದ ಅಕ್ಷರ ಇದ್ದ ಮಾತ್ರಕ್ಕೇ ಪರದೇಶದಲ್ಲಿ ಕಟ್ಟಿದ್ದು ಅಂತ ಹೇಳಲು ಆಗಲ್ಲ. ಗೌಡ್ರ ಗಾಡಿ ಕಲಿಸಿದ್ದು ಇದನ್ನೇ.

ಇಂಗ್ಲೆಂಡ್ ಜೊತೆ 2025ರ ಜುಲೈನಲ್ಲಿ ಒಪ್ಪಂದ ಆಯಿತಲ್ಲ, ಗಾಡಿ ಸುಂಕ 110ರಿಂದ 10ಕ್ಕೆ ಇಳಿಯುತ್ತಂತೆ, ಕಾಯಲಾ ಅಂತ ಕೇಳುವವರು ಬರುತ್ತಾರೆ. ಅದು ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಯುವುದು, ಅದೂ ಇಷ್ಟೇ ಗಾಡಿ ಅಂತ ಕೋಟಾ ಒಳಗೆ. ಹಳೇ ಗಾಡಿ ಇಟ್ಟುಕೊಂಡವರಿಗೆ ಅದಕ್ಕಿಂತ ಉಪಯೋಗಕ್ಕೆ ಬಂದಿದ್ದು 2025ರ ಸೆಪ್ಟೆಂಬರಿನಲ್ಲಿ ಪಾರ್ಟುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದ್ದು. ಬಿಲ್ ಹಾಕುವಾಗ ಕೈಗೆ ಗೊತ್ತಾಗುತ್ತೆ.

ಈಗ ಶೆಡ್ಡಿನಲ್ಲಿ ಮದ್ದೂರಿನವರ ಗ್ರ್ಯಾಂಡ್ ವಿಟಾರಾ ನಿಂತಿದೆ, 2010ರದ್ದು. ಚಾಸಿಸ್ ಜೆಎಸ್, ಅಂದರೆ ಜಪಾನಿನ ಸುಜುಕಿ, ಇದು ಮಾತ್ರ ನಿಜವಾಗಿಯೂ ಜಪಾನಿನಿಂದ ಪೂರ್ತಿ ಕಟ್ಟಿ ತಂದಿದ್ದು. ಹಿಂದಿನ ಬಲಗಡೆ ವೀಲ್ ಬೇರಿಂಗ್ ಅರಚುತ್ತಿದೆ. ಎಲ್ಲರೂ ಮತ್ತೆ ಅದೇ ಮಾತು, ಜಪಾನಿನಿಂದ ಬರಬೇಕು, ಆಗಲ್ಲ ಅಂತ. ಬೇರಿಂಗ್ ಹೊರಗೆ ತೆಗೆದು ನಿನ್ನೆ ಸಂಜೆಯಿಂದ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೇನೆ. ಅಂಚಿನಲ್ಲಿ ನಾಲ್ಕು ಅಂಕಿ ಓದಲು ಸಿಕ್ಕಿವೆ, ಕೊನೆಯ ಎರಡು ಇನ್ನೂ ತುಕ್ಕಿನಡಿಯಲ್ಲಿವೆ. ಇವತ್ತು ಮಧ್ಯಾಹ್ನ ಮತ್ತೊಂದು ಸಲ ಬ್ರಷ್ ಹೊಡೆಯಬೇಕು.